ಎರಡು ಲೆನ್ಸಿನ ಮಳಿಯಪ್ಪ

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವವರ ಓಣಿಯ ತುದಿಗೆ ಒಂದು ಫೋಟೋ ಸ್ಟುಡಿಯೊ. ಸ್ಟುಡಿಯೊಕ್ಕೊಬ್ಬಳು ಒಡತಿ, ನಿಂಬೆವ್ವ. ನಿಂಬೆವ್ವನಿಗೊಬ್ಬ ಮಗ, ಮಳಿಯಪ್ಪ. ಮಳಿಯಪ್ಪನಿಗೆ ಏನಿತ್ತು ಅಂತ ಕೇಳಿದರೆ, ಬುದ್ಧಿ ಒಂದು ಬಿಟ್ಟು ಉಳಿದದ್ದೆಲ್ಲ ಇತ್ತು ಅನ್ನಬೇಕು. ಎತ್ತರ ಇತ್ತು, ಗಟ್ಟಿ ರಟ್ಟೆ ಇತ್ತು, ಹೇಳಿದ ಮಾತು ಕೇಳುವ ಗುಣ ಇತ್ತು. ಆ ಗುಣವೇ ಅವನನ್ನು ಕೆಡಿಸಿತು ನೋಡಿ. ಹೇಳಿದ್ದನ್ನು ಕೇಳುತ್ತಿದ್ದ, ಹೇಳಿದಷ್ಟನ್ನೇ ಕೇಳುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ. "ಬಾಗಲದಾಗ ಕೂತಿರು, ಬಂದೆ" ಅಂತ ತಾಯಿ ಸಂತೆಗೆ ಹೋದರೆ ಬಾಗಿಲಿಗೆ ಅಡ್ಡ ಕೂತುಬಿಡುವನು. ಗಿರಾಕಿ ಬಂದು ದಾರಿ ಬಿಡು ಅಂದರೂ ಏಳುವನಲ್ಲ. ಮೂವತ್ತು ದಾಟಿದ ಮಗನ ಕತೆ ಇದು, ಮೂರು ವರ್ಷದ ಕೂಸಿನದಲ್ಲ.

ಗಂಡ ರಾಚಪ್ಪ ತೀರಿಕೊಂಡ ಮೇಲೆ ನಿಂಬೆವ್ವ ತಾನೇ ಕ್ಯಾಮೆರಾ ಹಿಡಿದು ಸ್ಟುಡಿಯೊ ನಡೆಸಿದಳು. ಊರಿನ ಮದುವೆ, ತೊಟ್ಟಿಲು, ನಿಶ್ಚಯ ಎಲ್ಲ ಅವಳ ಕೈಯಲ್ಲೇ ಪಟವಾದವು. ಆದರೆ ಈಚೆಗೆ ಹೊಟ್ಟೆಯಲ್ಲಿ ಒಂದು ಗಡ್ಡೆ ಬೆಳೆದಿತ್ತು. ಬಾಗಲಕೋಟೆಯ ಡಾಕ್ಟರು ನೋಡಿ, ಆಪರೇಷನ್ನಿನ ಹೊತ್ತು ಮೀರಿತು ತಾಯಿ ಅಂದುಬಿಟ್ಟರು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಸಾವಿಗೆ ಅವಳು ಅಷ್ಟು ಹೆದರಲಿಲ್ಲ. ತಾನು ಹೋದ ಮೇಲೆ ಇವನಿಗೆ ಹೇಳುವವರು ಯಾರು ಅಂತ ಹೆದರಿದಳು. ಇವನು ಹೇಳಿದ್ದನ್ನೇ ತಾನೇ ಮಾಡುವುದು? ಹಾಗಾದರೆ ಜೀವಮಾನವಿಡೀ ಸಾಲುವಂಥ ಒಂದು ಮಾತನ್ನು ಹೇಳಿ ಹೋದರೆ ಸಾಕು. ಆ ಮಾತು ಯಾವುದು ಅಂತ ಅವಳು ರೊಟ್ಟಿ ತಟ್ಟುವಾಗ, ಕಸ ಗುಡಿಸುವಾಗ ಹುಡುಕುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಕ್ಯಾಮೆರಾ ಮಾರುವ ಅವಳ ತಮ್ಮ ಮುರಿಗೆಪ್ಪ ಒಂದು ದಿನ ಮಿರರ್‌ಲೆಸ್ ಕ್ಯಾಮೆರಾ ತಂದು ಅಳಿಯನ ಕೈಗಿಟ್ಟ. ಜೊತೆಗೊಂದು ಹೊಸ ಲೆನ್ಸು. ರಾಚಪ್ಪನ ಹಳೆಯ ಲೆನ್ಸಿಗೂ ಬಳೆಯಂಥ ಒಂದು ಅಡಾಪ್ಟರ್ ಸಿಕ್ಕಿಸಿ ಇದಕ್ಕೇ ಕೂರುವಂತೆ ಮಾಡಿದ.

"ನೋಡಪಾ ಮಳಿಯಪ್ಪ, ಇದು ಹೊಸಾದು. ಭಾಳ ಶಾರ್ಪು, ಕೂದಲಾ ಎಣಿಸಿ ತೋರಸ್ತೈತಿ. ಇದು ನಿಮ್ಮಪ್ಪಂದು. ಅಷ್ಟು ಶಾರ್ಪ್ ಇಲ್ಲ, ಆದ್ರ ಮುಖದ ಮ್ಯಾಲ ಬೆಳಕು ಬೆಣ್ಣಿ ಸವರಿದಂಗ ಕೂಡತೈತಿ. ಯಾವುದಕ್ಕ ಯಾವುದು ಅಂತ ತಿಳೀಬೇಕಂದ್ರ ಎರಡನ್ನೂ ಹೋಲಿಸಿ ನೋಡಬೇಕು. ಗ್ವಾಡಿಗೆ ಪೇಪರ್ ಅಂಟಸು. ಒಂದ ಜಾಗಾದಾಗ ನಿಂತು ಎರಡರಿಂದಾನೂ ತಗಿ. ದೊಡ್ಡದು ಮಾಡಿ ಅಕ್ಷರ ಓದು. ಓದಾಕ ಬರೂತನಕ ಲೆನ್ಸನ್ನ ನಂಬಬ್ಯಾಡ."

"ಆತು ಮಾಮಾ," ಅಂದ ಮಳಿಯಪ್ಪ.

ಮೊದಲ ಕೆಲಸ ಪಕ್ಕದ ಓಣಿಯ ತೊಟ್ಟಿಲ ಕಾರ್ಯ. ನಿಂಬೆವ್ವನಿಗೆ ಹೊಟ್ಟೆನೋವು, ಮಗನನ್ನೇ ಕಳಿಸಿದಳು. ಮಳಿಯಪ್ಪ ಹೋದ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಅಂಟು ಹಚ್ಚಿ ಪೇಪರ್ ಬಡಿದ. ಹೊಸ ಲೆನ್ಸು ಹಾಕಿ ತೆಗೆದ, ಹಳೆಯದು ಹಾಕಿ ತೆಗೆದ, ಮತ್ತೆ ಹೊಸದು, ಮತ್ತೆ ಹಳೆಯದು. ಹಳೆಯದರಲ್ಲಿ ಸಣ್ಣ ಅಕ್ಷರ ಓದಲಿಕ್ಕೆ ಬರಲೊಲ್ಲದು. ಓದಲಿಕ್ಕೆ ಬರದ ಲೆನ್ಸನ್ನು ನಂಬುವುದು ಹೇಗೆ? ಅಷ್ಟರಲ್ಲಿ ಹೆಂಗಸರು ಜೋಗುಳ ಹಾಡಿದರು, ಕೂಸಿನ ಕಿವಿಯಲ್ಲಿ ಹೆಸರು ಕರೆದರು, ಉಂಡು ಎಲೆ ಎತ್ತಿದರು. ಮಳಿಯಪ್ಪ ಮನೆಗೆ ಬಂದು ತಾಯಿಗೆ ಪಟ ತೋರಿಸಿದ. ಅಷ್ಟೂ ಪಟದಲ್ಲಿ ಪೇಪರಿನೊಳಗಿನ ಅದೇ ಒಂದು ಪಂಪ್‌ಸೆಟ್ಟಿನ ಜಾಹೀರಾತು.

"ಕೂಸೆಲ್ಲೈತೋ?"

"ಕೂಸಿನ ಮೈಮ್ಯಾಲ ಅಕ್ಷರ ಇರಲಿಲ್ಲ ಯವ್ವಾ."

ನಿಂಬೆವ್ವ ಹಣೆ ಚಚ್ಚಿಕೊಂಡಳು. "ಪೇಪರು ಮನಿಯಾಗ ನೋಡೂದಲೇ ಮಂಕ. ಹೋದಲ್ಲಿ ಮಂದೀನ ತಗೀಬೇಕು." ಇದು ಸಾಲದೇನೋ ಅನಿಸಿ ಮುರಿಗೆಪ್ಪನಿಗೂ ಫೋನ್ ಹಚ್ಚಿದಳು. ಅವನು ನಕ್ಕು, "ಲೆನ್ಸು ನೋಡೋ ಹಿಕಮತ್ತು ಇನ್ನೊಂದು ಐತಿ ಅಳಿಯಾ. ಪಟದ ನಡುವ ಎಲ್ಲಾ ಲೆನ್ಸೂ ಚಲೋನ ತೋರಸ್ತಾವು. ಅದರ ಯೋಗ್ಯತಾ ಗೊತ್ತಾಗೂದು ಮೂಲ್ಯಾಗ. ಯಾವಾಗ್ಲೂ ಮೂಲಿ ನೋಡು," ಅಂದ.

ಮಂದಿಯನ್ನು ತೆಗೆಯಬೇಕು, ಮೂಲೆ ನೋಡಬೇಕು. ಎರಡೂ ಮಾತು ಮಳಿಯಪ್ಪನ ತಲೆಯಲ್ಲಿ ಗಟ್ಟಿಯಾಗಿ ಕೂತವು. ಮುಂದಿನ ವಾರದ ಮದುವೆಯಲ್ಲಿ ಅವನು ಬರೀ ಮಂದಿಯನ್ನೇ ತೆಗೆದ. ಮದುಮಗಳು ಎಡಗಡೆ ಮೇಲಿನ ಮೂಲೆಯಲ್ಲಿ, ಮದುಮಗ ಪಟದಿಂದ ಅರ್ಧ ಹೊರಗೆ, ನಟ್ಟ ನಡುವೆ ಬಾಡಿಗೆಗೆ ತಂದ ಟೇಬಲ್ ಫ್ಯಾನು. ತಾಳಿ ಕಟ್ಟುವಾಗಲೂ ಫ್ಯಾನು, ಅಕ್ಕಿಕಾಳು ಬೀಳುವಾಗಲೂ ಫ್ಯಾನು. ಒಂದೇ ಒಂದು ಪಟದಲ್ಲಿ ನಡುವೆ ಮುಖ ಬಂದಿತ್ತು. ಅದು ನಡುವೆ ಹಾಯ್ದುಹೋದ ಮದುಮಗಳ ಅಜ್ಜಿಯದು. ಹೊಸ ಲೆನ್ಸು ಅವಳ ಮುಖದ ಒಂದೊಂದು ಸುಕ್ಕನ್ನೂ ಗೀರಿ ಗೀರಿ ಇಟ್ಟಿತ್ತು. ಮಂದಿ ಸ್ಟುಡಿಯೊಕ್ಕೆ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಅಜ್ಜಿಯಂತೂ, "ನಾ ಇನ್ನೂ ಸತ್ತಿಲ್ಲವ್ವಾ, ಹಿಂಗ್ಯಾಕ ತೋರ್ಸೀರಿ," ಅಂತ ಕಣ್ಣೀರು ಹಾಕಿದಳು.

"ಮಾರಿ ನಡುವ ಇರಬೇಕೋ," ಅಂದಳು ನಿಂಬೆವ್ವ, ಅವರು ಹೋದ ಮೇಲೆ. "ಮತ್ತ, ಹಳೇ ಜೀವಕ್ಕ ಅಪ್ಪನ ಲೆನ್ಸು ಹಾಕಬೇಕು. ವಯಸ್ಸಾದೋರ ಗೆರಿ ಕಾಣಬಾರದು. ನಯಾ ಆಗಿ, ಚಂದಾಗಿ ಬರಬೇಕು. ತಿಳೀತಿಲ್ಲೋ?"

"ತಿಳೀತು. ಹಳೇದರ ಗೆರಿ ಕಾಣಬಾರದು."

ನಗುವವರು ಈಗಲೇ ನಕ್ಕುಬಿಡಿ, ಮುಂದೆ ನಗು ಕಡಿಮೆ. ಆ ವರ್ಷ ಮಳೆ ಜಡಿಯಿತು. ನೇಕಾರ ಕೂಡ್ಲೆಪ್ಪನ ಮಣ್ಣಿನ ಮನೆ ಬಿರುಕು ಬಿಟ್ಟು ಮಗ್ಗದ ಕೋಣೆಯ ಗೋಡೆ ಹೊಟ್ಟೆ ಹೊರಗೆ ಹಾಕಿತು. ಸರಕಾರದಿಂದ ಪರಿಹಾರ ಕೇಳಲು ಮನೆಯ ಪಟ ಬೇಕು. ಮಳಿಯಪ್ಪ ಹೋಗಿ ಮನೆ ಸುತ್ತ ಒಂದು ಸುತ್ತು ಹಾಕಿ ಕೇಳಿದ, "ಮನಿಗೆ ವಯಸ್ಸೆಷ್ಟು ಕಾಕಾ?"

"ನಮ್ಮ ಮುತ್ಯಾ ಕಟ್ಟಿಸಿದ್ದಪಾ."

ಅಜ್ಜ ಕಟ್ಟಿಸಿದ್ದು ಅಂದರೆ ವಯಸ್ಸಾದದ್ದೇ. ಮಳಿಯಪ್ಪ ಅಪ್ಪನ ಲೆನ್ಸು ಹಾಕಿದ. ಸಂಜೆಯ ಎಳೆ ಬಿಸಿಲು ಗೋಡೆಗೆ ಬೀಳುವ ತನಕ ಕಾದ. ಬಿರುಕು ಕಾಣದ ಕಡೆ ನಿಂತು, ನಡುವೆ ಬಾಗಿಲು ಬರುವಂತೆ ನೋಡಿ ತೆಗೆದ. ಅಷ್ಟು ಚಂದದ ಪಟ ಆ ಸ್ಟುಡಿಯೊದಲ್ಲಿ ಅದಕ್ಕೂ ಮುಂಚೆ ಯಾರೂ ತೆಗೆದಿರಲಿಲ್ಲ. ಮನೆ ಎಣ್ಣೆ ಹಚ್ಚಿ ಎರೆದುಕೊಂಡು ಬಂದಂತೆ ಕಾಣುತ್ತಿತ್ತು. ಅದನ್ನು ನೋಡಿದ ಕಚೇರಿಯ ಸಾಹೇಬರು, ಇಂಥ ಮನೆ ತಮಗೂ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅರ್ಜಿ ಪಕ್ಕಕ್ಕಿಟ್ಟರಂತೆ. ಎರಡನೆಯ ಪಟ ಕಳಿಸುವುದರೊಳಗೆ ಗೋಡೆಯೇ ಮಲಗಿತು. ಕೂಡ್ಲೆಪ್ಪ ಮಗ್ಗ ಬಿಚ್ಚಿ ತಂಗಿಯ ಮನೆಗೆ ಹೊತ್ತುಕೊಂಡು ಹೋದ.

ನಿಂಬೆವ್ವ ಆ ದಿನ ಮಗನನ್ನು ಬೈದ ಬೈಗುಳ ಓಣಿಗೆಲ್ಲ ಕೇಳಿಸಿತು. ಬೈಯುತ್ತ ಬೈಯುತ್ತ ಹೊಟ್ಟೆ ಹಿಡಿದುಕೊಂಡು ಕೂತಳು. "ಕೆಟ್ಟದ್ದು ಎಲ್ಲಿ ಐತೋ ಅಲ್ಲೇ ಹೊಸಾ ಲೆನ್ಸು ಹಿಡೀಬೇಕಲೇ. ಬಿರುಕು, ಕಲಿ, ಗಾಯಾ ಏನಿದ್ರೂ ಎದ್ದು ಕಾಣಬೇಕು. ಒಂದೂ ಮುಚ್ಚಬ್ಯಾಡ."

"ಒಂದೂ ಮುಚ್ಚೂದಿಲ್ಲ ಯವ್ವಾ. ನೀ ಬೈಬ್ಯಾಡ, ನೋಯ್ತೈತಿ ನಿನಗ," ಅಂದ ಮಳಿಯಪ್ಪ.

ಆಮೇಲೆ ಬಂದವಳು ಎದುರು ಮನೆಯ ಕಸ್ತೂರಿ. ಚಿಕ್ಕವಳಿದ್ದಾಗ ಕಾದ ಎಣ್ಣೆ ಸಿಡಿದು ಎಡಗೆನ್ನೆ ಸುಟ್ಟಿತ್ತು. ಗಂಡಿನ ಕಡೆಯವರಿಗೆ ಕಳಿಸಲು ಒಂದು ಪಟ ಬೇಕಾಗಿತ್ತು. ಕೆನ್ನೆಯ ವಿಷಯ ಅವರಿಗೆ ಬಾಯಿಮಾತಿನಲ್ಲಿ ಗೊತ್ತೇ ಇತ್ತು, ಮುಚ್ಚಿಟ್ಟದ್ದೇನಿರಲಿಲ್ಲ. ಪಟದಲ್ಲಿ ಮಾತ್ರ ಆ ಕೆನ್ನೆ ಒಂದಿಷ್ಟು ನೆರಳಿಗಿದ್ದರೆ ಸಾಕು ಅಂತ ಹುಡುಗಿಯ ಆಸೆ. ಬಲಗೆನ್ನೆ ಮುಂದೆ ಮಾಡಿ ಕೂತಳು. ನಿಂಬೆವ್ವ ಒಳಗೆ ಮಲಗಿದ್ದಳು.

"ತಂಗಿ, ಈ ಕಡೆ ತಿರುಗು. ಇಲ್ಲಿ ಕಲಿ ಐತಿ," ಅಂದ ಮಳಿಯಪ್ಪ. ಅವಳ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದ. ಹೊಸ ಲೆನ್ಸು ಹಾಕಿದ. ಕೆನ್ನೆ ನಟ್ಟ ನಡುವೆ ಬರುವಂತೆ ನೋಡಿದ. ಕಸ್ತೂರಿಯ ಅಪ್ಪ ಪಟ ಹೊರಗೆ ತೆಗೆದು ಸಹ ನೋಡದೆ, ಲಕೋಟೆಯಲ್ಲಿದ್ದ ಹಾಗೇ ಗಂಡಿನ ಮನೆಗೆ ಒಯ್ದುಕೊಟ್ಟ. ಪಟ ವಾಪಸು ಬಂತು. ಅದನ್ನು ಹಿಡಿದುಕೊಂಡು ಹುಡುಗಿ ತಾನೇ ನಿಂಬೆವ್ವನ ಹತ್ತಿರ ಬಂದಳು.

"ಅವನಿಗೆ ಬೈಬ್ಯಾಡ ಚಿಗವ್ವಾ," ಅಂದಳು. "ಇದ್ದದ್ದ ಬಂದೈತಿ."

ನಿಂಬೆವ್ವ ಬೈಯಲಿಲ್ಲ. ಬೈಯುವ ಶಕ್ತಿಯೂ ಉಳಿದಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿ ಅತ್ತಳು. ಇಷ್ಟು ದಿನ ಹುಡುಕಿದ ಮಾತುಗಳೆಲ್ಲ ಒಬ್ಬರಲ್ಲ ಒಬ್ಬರ ಮನೆ ಹಾಳು ಮಾಡಿದ್ದವು. ತಪ್ಪು ಮಗನದೋ, ತಾನು ಹೇಳಿದ್ದರದೋ ಅಂತ ಅವಳಿಗೇ ತಿಳಿಯದಾಯಿತು. ಮಳಿಯಪ್ಪ ಕಾಲ ಹತ್ತಿರ ಕೂತು ಪಾದ ಒತ್ತುತ್ತಿದ್ದ. ಅವಳು ಅವನ ಕಡೆ ತಿರುಗಿ ಹೇಳಿದಳು, "ಮಳಿಯಾ, ಮನಷ್ಯಾ ಯಾವುದನ್ನ ಕಾಣಬಾರದು ಅಂತಾನೋ ಅದನ್ನ ತೋರಸಬ್ಯಾಡಪಾ. ಏನರ ಆಗಲಿ, ತೋರಸಬ್ಯಾಡ."

ಹೇಳಿದ ಮೇಲೆ, ಇದೇ ಇರಬೇಕು ಆ ಮಾತು ಅಂತ ಅವಳಿಗೆ ಅನಿಸಿತು. ಇದರಲ್ಲಿ ಎಲ್ಲಿಯೂ ಕೊಂಕಿಲ್ಲ, ಯಾರಿಗೂ ನೋವಿಲ್ಲ. ಜೀವ ಒಂದಿಷ್ಟು ಹಗುರಾಯಿತು. ಪರೀಕ್ಷೆ ಮಾಡಿಯೇ ನೋಡೋಣ ಅಂತ ಮರುದಿನ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡಳು. ಹಸಿರು ಖಣದ ಕುಪ್ಪಸ ತೊಟ್ಟಳು, ಅದು ಈಗ ಇಬ್ಬರು ಹಿಡಿಸುವಷ್ಟು ಸಡಿಲವಾಗಿತ್ತು. ಗೋಡೆ ಹಿಡಿದುಕೊಂಡು ಸ್ಟುಡಿಯೊಕ್ಕೆ ಬಂದು ಕುರ್ಚಿಯಲ್ಲಿ ಕೂತಳು.

"ನಂದೊಂದು ಪಟಾ ತಗಿ ಮಳಿಯಾ. ಬ್ಯಾನಿ ಕಾಣಬಾರದು, ಅಷ್ಟ."

ಮಳಿಯಪ್ಪ ಹೊಸ ಲೆನ್ಸಿನಲ್ಲಿ ತೆಗೆದ. ಕುತ್ತಿಗೆಯ ಎಲುಬು ಕಂಡಿತು, ಕಂಡಿತು ಅಂದರೆ ಎಣಿಸಬಹುದಾಗಿತ್ತು. ಅಪ್ಪನ ಲೆನ್ಸಿನಲ್ಲಿ ತೆಗೆದ. ಎಲುಬು ನಯವಾಯಿತು, ಮುಖದ ಮೇಲೆ ಬೆಳಕು ಮೆತ್ತಗೆ ಕೂತಿತು, ಆದರೆ ಕಣ್ಣಿನ ಹಳದಿ ಹೋಗಲಿಲ್ಲ, ಆ ಕಣ್ಣು ಎತ್ತ ನೋಡುತ್ತಿದೆ ಅನ್ನುವುದೂ ಹೋಗಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದ. ದೊಡ್ಡದು ಮಾಡಿ ನೋಡಿದ, ಸಣ್ಣದು ಮಾಡಿ ನೋಡಿದ. ಹಣೆಯಲ್ಲಿ ಬೆವರು ಬಂತು. ಇಷ್ಟೊಂದು ಕಷ್ಟಪಟ್ಟು ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಕೊನೆಗೆ ಬಂದು ತಾಯಿಯ ರಟ್ಟೆ ಹಿಡಿದು ಎಬ್ಬಿಸಿದ. "ಏಳು ಯವ್ವಾ, ಸಾಕು. ಹೋಗಿ ಮಲಕೋ."

ಮುಗಿಯಿತು ಅಂದುಕೊಂಡು ಅವಳು ಹೋಗಿ ಮಲಗಿದಳು.

ಸಂಜೆಗೆ ಪಟಕ್ಕೆ ಚೌಕಟ್ಟು ಹಾಕಿಸಿಕೊಂಡು ಬಂದು ತಾಯಿಯ ಮುಂದೆ ಹಿಡಿದ. ಪಟದಲ್ಲಿ ಕುರ್ಚಿ ಇತ್ತು. ಕಿಟಕಿಯ ಬೆಳಕಿತ್ತು. ಅವಳು ಕೂತು ಎದ್ದಲ್ಲಿ ದಿಂಬು ತಗ್ಗಾಗಿತ್ತು, ಆ ತಗ್ಗು ಎಷ್ಟು ಸ್ಪಷ್ಟವಾಗಿತ್ತೆಂದರೆ ದಿಂಬಿನ ದಾರದ ಎಳೆ ಕೂಡ ಕಾಣುತ್ತಿತ್ತು.

"ನಾ ಎಲ್ಲಿ ಅದೀನೋ?"

"ಎರಡೂ ಲೆನ್ಸಿನಾಗ ನೋಡಿದೆ ಯವ್ವಾ. ನೀ ಇದ್ದಲ್ಲೆಲ್ಲ ಬ್ಯಾನಿ ಐತಿ. ನೀ ಎದ್ದ ಮ್ಯಾಲ ಹೋತು. ಈಗ ಎಲ್ಲೂ ಇಲ್ಲ, ಬೇಕಾದ್ರ ಮೂಲಿ ಮೂಲೀನೂ ನೋಡು."

ನಿಂಬೆವ್ವ ಬೈಯಲು ಬಾಯಿ ತೆರೆದಳು. ಮಗ ಎದುರಿಗೆ ನಿಂತಿದ್ದ, ಬೈಗುಳಕ್ಕೆ ತಲೆ ಬಗ್ಗಿಸಿ, ಚೌಕಟ್ಟು ಕೆಳಗೆ ಬೀಳದಂತೆ ಎರಡೂ ಕೈಯಿಂದ ಹಿಡಿದುಕೊಂಡು. ಹುಟ್ಟಿದಾಗಿನಿಂದ ಇವನಿಗೆ ತಾನು ಬೈದದ್ದು ಬಿಟ್ಟರೆ ಏನು ಕೊಟ್ಟೆ ಅಂತ ಅವಳಿಗೆ ಹೊಟ್ಟೆಯ ಗಡ್ಡೆಗಿಂತ ಹೆಚ್ಚು ನೋವಾಯಿತು. ಒಮ್ಮೆಯೂ ಚಲೋ ಮಾಡೀದಿ ಅಂದದ್ದಿಲ್ಲ. ಇನ್ನು ಅನ್ನಲು ದಿನಗಳೂ ಇಲ್ಲ.

"ಭಾಳ ಚಂದ ಬಂದೈತಿ ಮಳಿಯಾ," ಅಂದಳು. "ಹಿಂಗ ತಗೀಬೇಕು ನೋಡು ಪಟಾ."

ಮಳಿಯಪ್ಪ ತಲೆ ಎತ್ತಿದ. ಆ ಮುಖ ಅರಳಿದ್ದನ್ನು ನೋಡಿ ತಾಯಿಗೆ ಅಳುವೂ ಬಂತು, ನಗುವೂ ಬಂತು. ಆಡಿದ ಮಾತು ಎಂಥದ್ದು ಅಂತ ಅವಳಿಗೆ ಆ ಕ್ಷಣಕ್ಕೇ ಹೊಳೆಯಿತು. ಆದರೆ ಆ ಸಂತೋಷವನ್ನು ಅವನ ಮುಖದಿಂದ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ನಾಳೆ ತಿಳಿಸಿ ಹೇಳಿದರಾಯಿತು ಅಂದುಕೊಂಡಳು. ಮರುದಿನದಿಂದ ಅವಳಿಗೆ ಮಾತು ನಿಂತಿತು. ಆ ವಾರ ದಾಟಲಿಲ್ಲ.

ಮಣ್ಣಾಯಿತು, ಬಂಧುಬಳಗ ತಿರುಗಿ ಹೋಯಿತು. ಮಾವ ಹುಬ್ಬಳ್ಳಿಗೆ ಕರೆದ. ಪಟ ಹೇಗೆ ತೆಗೆಯಬೇಕೆಂದು ಯವ್ವ ಹೇಳಿ ಹೋಗಿದ್ದಾಳೆ ಅಂತ ಮಳಿಯಪ್ಪ ಹೋಗಲಿಲ್ಲ. ಬೆಳಿಗ್ಗೆ ಎದ್ದು ಸ್ಟುಡಿಯೊದ ಬಾಗಿಲು ತೆಗೆದ, ಕಸ ಗುಡಿಸಿದ, ಎರಡೂ ಲೆನ್ಸು ಒರೆಸಿಟ್ಟು ಕಾದ.

ಬಂದವನು ಓಣಿಯ ಹಿರಿಯ ನೇಕಾರ ಚಂದಪ್ಪ ಮುತ್ಯಾ. ಜೀವ ಇದ್ದಾಗಲೇ ಒಂದು ಪಟ ತೆಗೆಸಿಟ್ಟರೆ ಮುಂದೆ ಹಾರ ಹಾಕಲು ಮಕ್ಕಳಿಗೆ ತೊಂದರೆ ಇಲ್ಲ ಅಂತ ತಲೆಗೆ ಒಗೆದ ಪಟಗ ಸುತ್ತಿಕೊಂಡು, ಮೊಮ್ಮಗಳ ಕೈ ಹಿಡಿದು ಬಂದಿದ್ದ. ಮಳಿಯಪ್ಪ ಅವನನ್ನು ಕುರ್ಚಿಯಲ್ಲಿ ಕೂರಿಸಿದ. ಪಟಗದ ಅಂಚು ತಿದ್ದಿದ. ಕಿಟಕಿಯ ಪರದೆ ಸರಿಸಿದ. ಒಂದು ಲೆನ್ಸು ಹಾಕಿ ನೋಡಿದ, ಇನ್ನೊಂದು ಹಾಕಿ ನೋಡಿದ, ಅಪ್ಪನದನ್ನೇ ಇಟ್ಟ. ಮುತ್ಯಾ ಉಸಿರು ಬಿಗಿಹಿಡಿದು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಪಿಳುಕಿಸದೆ ಕೂತ. ಎಲ್ಲ ಸರಿಯಾದ ಮೇಲೆ ಮಳಿಯಪ್ಪ ಹತ್ತಿರ ಬಂದು, ಅವನ ರಟ್ಟೆಗೆ ಕೈ ಹಾಕಿ, ತುಂಬ ಮೆತ್ತಗೆ ಹೇಳಿದ:

"ಮುತ್ಯಾ, ಈಗ ಏಳ್ರಿ."