ಪೇಟಗಳಿಗೆ ಬಡಿಸಿದ ಊಟ

“ಅಣ್ಣಾ, ಅರಮನೆಯ ಪಾಠಶಾಲೆ ಯಾವ ಕಡೆ? ಬೀದಿ ಬೀದಿ ಸುತ್ತಿ ಮತ್ತೆ ಇದೇ ಆಲದ ಮರಕ್ಕೆ ಬಂದು ನಿಂತಿದ್ದೀನಿ.”

ಮರದಡಿ ಚೌಕಾಬಾರ ಆಡುತ್ತಿದ್ದ ಬೋಳುತಲೆಯವನು ಕವಡೆಯಿಂದ ಕಣ್ಣೆತ್ತಲಿಲ್ಲ. “ಈ ಗೋಡೆಯ ಆಚೆಗೇ ತಾಯಿ. ನಾನೂ ಅಲ್ಲೇ ಪಾಠ ಕೇಳ್ತಾ ಇದ್ದೀನಿ.”

“ಇಲ್ಲಿ ಕೂತುಕೊಂಡೇ?”

“ನನ್ನ ಪೇಟ ಅಲ್ಲಿ ಕೂತಿದೆ. ಇವರೆಲ್ಲರದೂ ಅಲ್ಲೇ.” ಸುತ್ತಲಿದ್ದವರು ಹಲ್ಲು ಕಿರಿದರು.

ಬಾಚಲೆಗೆ ನಗು ಬರಲಿಲ್ಲ. ಊರೂರಿನ ಪಂಚರಿಗೆ ಕಾನೂನು ಹೇಳುವವರೆಲ್ಲ ವರ್ಷಕ್ಕೊಮ್ಮೆ ಅರಮನೆಗೆ ಬಂದು ಹೊಸ ಕಟ್ಟಳೆಗಳ ಪಾಠ ಕೇಳಬೇಕು. ಕೇಳಿದವರ ಮುಂಗೈಗೆ ಮುದ್ರೆ ಬೀಳುತ್ತದೆ. ಮುದ್ರೆಯಿಲ್ಲದವರು ಊರಿನ ಪರವಾಗಿ ಬಾಯಿ ತೆರೆಯುವಂತಿಲ್ಲ. ಅವಳು ಕಾನೂನು ಹೇಳುವ ಕಲ್ಲಹೊಂಡ ಎಂಬ ಊರಲ್ಲಿ ಗೌಡನೊಬ್ಬ ಊರ ಬಾವಿಗೇ ಬೇಲಿ ಹಾಕಿದ್ದ. ನಾಳೆ ಅರಸನೆದುರು ವಿಚಾರಣೆ. ಮುದ್ರೆ ಸಿಗದಿದ್ದರೆ ಬಾವಿ ಹೋದಂತೆಯೇ.

ಒಳಗೆ ಚಾಪೆಗೊಂದರಂತೆ ಪೇಟಗಳು ಸಾಲಾಗಿ ಕೂತಿದ್ದವು. ದಾಮೋದರ ಪಂಡಿತರು ಕಣ್ಣು ಮುಚ್ಚಿ ಅವುಗಳಿಗೆ ಪಾಠ ಹೇಳುತ್ತಿದ್ದರು. ಬಾಚಲೆಯ ಹೆಜ್ಜೆ ಸಪ್ಪಳಕ್ಕೆ ಒಂದು ಕಣ್ಣು ತೆರೆದರು.

“ತಡವಾಗಿ ಬಂದೆ. ಮೇಲಾಗಿ ನಿನಗೆ ಪೇಟವಿಲ್ಲ. ಹಾಜರಿ ಯಾವುದಕ್ಕೆ ಹಾಕಲಿ?”

“ತಲೆ ತಂದಿದ್ದೀನಲ್ಲ, ಪಂಡಿತರೇ.”

“ತಲೆ ಯಾರಿಗೆ ಬೇಕಮ್ಮ? ಪೇಟ ಇದ್ದಲ್ಲಿ ಮನುಷ್ಯ ಇದ್ದ ಹಾಗೆ, ಇಲ್ಲಿನ ಪದ್ಧತಿ. ಇಷ್ಟು ವರ್ಷ ಪಾಠ ಹೇಳಿದ್ದೀನಿ, ಒಬ್ಬನಾದರೂ ಎದುರು ಮಾತಾಡಿದ್ದುಂಟೇ?”

ಬಾಚಲೆ ನೆಟ್ಟಗೆ ಅಡುಗೆಮನೆಗೆ ಹೋದಳು. ಅಲ್ಲಿ ಸಾತಕ್ಕ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

“ಊಟ ಯಾರಿಗಕ್ಕಾ?”

“ಪಾಠಕ್ಕೆ ಹಾಜರಾದವರಿಗೆ. ಅರಸರೂ ಬರ್ತಾರೆ.”

“ಹಾಜರಾದವರು ಯಾರು ಅಂತ ಪಂಡಿತರನ್ನೇ ಕೇಳಿ ಬಡಿಸು.”

ಸಾತಕ್ಕನಿಗೆ ಅರ್ಥವಾಯಿತು. “ಅಯ್ಯೋ ನಿನ್ನ! ಆಮೇಲೆ ಅವನ್ನೆಲ್ಲ ಒಗೆಯೋದು ಯಾರೇ?”

“ನಾನೇ. ಆ ಸಾಲ ನನ್ನ ಮೇಲಿರಲಿ.”

ಬಾಚಲೆ ಮರಳಿ ಬಂದು ಮೂಲೆಯಲ್ಲಿ ಕೂತು ಪಾಠ ಕೇಳಿದಳು. ಊಟದ ಹೊತ್ತಿಗೆ ಸಾತಕ್ಕ ಬಾಗಿಲಿಂದ ಕೂಗಿದಳು, “ಸ್ವಾಮೀ, ಯಾರ್ಯಾರು ಹಾಜರು?”

“ಎದುರಿಗೇ ಕೂತಿಲ್ಲವೇನೇ? ಎಲ್ಲರೂ ಹಾಜರು!” ಪಂಡಿತರು ಕಣ್ಣು ತೆರೆಯಲಿಲ್ಲ.

ಅನ್ನ, ಸಾರು, ಮೇಲೊಂದು ಮಿಳ್ಳೆ ತುಪ್ಪ. ಪಂಡಿತರು ಬಿಚ್ಚಿ ಪಕ್ಕಕ್ಕಿಟ್ಟಿದ್ದ ಪೇಟವನ್ನೂ ಬಿಡದೆ ಎಲ್ಲಕ್ಕೂ ಬಡಿಸಿದ್ದಾಯಿತು.

ಅರಸನ ಕಹಳೆ ಕೇಳಿ ಆಲದ ಮರದವರು ಹಿಂಬಾಗಿಲಿಂದ ನುಗ್ಗಿ, ನೋಡದೆಯೇ ಪೇಟ ತಲೆಗೇರಿಸಿಕೊಂಡರು. ಒಬ್ಬನ ಪೇಟದಿಂದ ಬೇಳೆ ಇಳಿಯುತ್ತಿತ್ತು, ಇನ್ನೊಬ್ಬನದರಲ್ಲಿ ನುಗ್ಗೆಕಾಯಿ ನಿಂತಿತ್ತು.

“ಪ್ರಭು, ಈ ಹೆಂಗಸಿನ ಕಿತಾಪತಿ!” ಒಳಬಂದ ಅರಸನಿಗೆ ಪಂಡಿತರು ಕಿರುಚಿ ಹೇಳಿದರು.

“ಅದಿರಲಿ, ಇವರೆಲ್ಲ ಪಾಠಕ್ಕೆ ಬಂದಿದ್ದರೋ?” ಅರಸ ಕೇಳಿದ.

“ಎಲ್ಲರೂ ಬಂದಿದ್ದರು, ಪ್ರಭು.”

“ಬಂದವರದೆಲ್ಲ ಊಟವಾಗಿದೆ, ಪ್ರಭು,” ಎಂದಳು ಬಾಚಲೆ. “ಪಾತ್ರೆಯೂ ಖಾಲಿ.”

ಬೋಳುತಲೆಯವನ ಹೊಟ್ಟೆ ತಡೆಯಲಿಲ್ಲ. “ನನ್ನದೆಲ್ಲಿ ಆಯ್ತು? ಬೆಳಗಿನಿಂದ ಆಲದ ಮರದ ಕೆಳಗೇ ಇದ್ದೀನಿ!”

ಪಂಡಿತರು ಅವನ ಕಾಲು ತುಳಿದರು. ತಡವಾಗಿತ್ತು.

“ಹಸಿದವರ ಊಟವನ್ನು ಪೇಟಕ್ಕೆ ಯಾಕಮ್ಮ ಹಾಕಿಸಿದೆ?” ಅರಸ ಬಾಚಲೆಯತ್ತ ತಿರುಗಿದ.

“ಪೇಟಕ್ಕೆ ಹೇಳಿದ ಪಾಠ ಇವರ ತಲೆಗೆ ಹತ್ತುತ್ತೆ ಅಂದ ಮೇಲೆ, ಪೇಟಕ್ಕೆ ಬಡಿಸಿದ ಸಾರು ಹೊಟ್ಟೆಗೆ ಇಳಿಯೋದಿಲ್ಲವೇ, ಪ್ರಭು?”

ಅರಸ ಗೋಡೆ ಹಿಡಿದುಕೊಂಡು ನಕ್ಕ. ಅಂದಿನ ಪಾಠದಲ್ಲಿ ಒಂದು ಕಟ್ಟಳೆ ಹೇಳಿ ಎಂದ. ಆಲದ ಮರದವರು ನೆಲ ನೋಡಿದರು, ಬಾಚಲೆ ಹೇಳಿದಳು. ಆ ದಿನದ ಒಂದೇ ಮುದ್ರೆಯನ್ನು ಅರಸ ತಾನೇ ಅವಳ ಮುಂಗೈಗೆ ಒತ್ತಿದ. ಉಳಿದವರಿಗೆ ಮರುದಿನದಿಂದ ಮೊದಲಿನಿಂದ ಪಾಠ, ಬರಿದಲೆಯಲ್ಲಿ.

ಮಾರನೆಯ ದಿನ ಬಾಚಲೆ ವಾದಿಸಿ ಗೆದ್ದಳು. ಬೇಲಿ ಕೀಳುವ ಅಪ್ಪಣೆ ಹಿಡಿದು ಹೊರಟವಳನ್ನು ಸಾತಕ್ಕ ಹಿತ್ತಿಲಲ್ಲಿ ಅಡ್ಡಗಟ್ಟಿ, ಅಂಟುವಾಳದ ನೊರೆಯನ್ನೂ ಪೇಟಗಳ ರಾಶಿಯನ್ನೂ ತೋರಿಸಿದಳು.

ಬಾಚಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲು ಪಂಡಿತರ ಪೇಟವನ್ನೇ ಆರಿಸಿಕೊಂಡು, ಒಗೆಯುವ ಕಲ್ಲಿಗೆ ಎತ್ತಿ ಎತ್ತಿ ಬಡಿದಳು.