ಗೋಡೆಯಾಚೆಯ ಎಲೆ

ಕೇಳ್ರಪ್ಪಾ, ನಾನು ಹೇಳೋದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಈ ಮೀಸೆ ಉದುರಿಹೋಗಲಿ. ಎರಡು ನಿಂಬೆಹಣ್ಣು ನಿಲ್ಲೋ ಮೀಸೆ ಇದು, ಸುಮ್ಮಸುಮ್ಮನೆ ಪಣಕ್ಕಿಡೋನಲ್ಲ ನಿಮ್ಮ ಮಾವ.

ಒಂದಾನೊಂದು ಕಾಲದಲ್ಲಿ ಒಂದು ಊರಿತ್ತಂತೆ. ಸುಗ್ಗಿ ಮುಗಿದರೆ ಅಲ್ಲಿ ಊರೂಟ. ಸಾರಿನ ಹಂಡೆ ಎಷ್ಟು ದೊಡ್ಡದಂದರೆ, ಈ ದಡದಲ್ಲಿ ಹಾಕಿದ ಉಪ್ಪು ಆ ದಡ ಮುಟ್ಟೋ ಹೊತ್ತಿಗೆ ಅಡುಗೆಯವನ ಮಗಳಿಗೆ ಮದುವೆಯಾಗಿ ಮಕ್ಕಳೂ ಆಗಿರುತ್ತಿದ್ದವಂತೆ! ಊಟಕ್ಕೊಂದು ಕಟ್ಟಳೆ. ಅಡುಗೆಯ ಚೆನ್ನಮಲ್ಲ ಸೌಟು ಹಿಡಿದು, "ಎಲ್ಲರಿಗೂ ಬಡಿಸಾಯ್ತಾ?" ಅಂತ ಕೂಗಬೇಕು. ಪಂಕ್ತಿಯ ಕೊನೇಲಿ ಕೂತವರು, "ಆಯ್ತಪ್ಪಾ, ಉಣ್ಣಿ" ಅನ್ನಬೇಕು. ಅಲ್ಲಿವರೆಗೂ ಯಾರೂ ತುತ್ತು ಮುರಿಯೋ ಹಾಗಿಲ್ಲ.

ಊರಿಗೆ ತಿರುಮಲೇಗೌಡ ಯಜಮಾನ. ಒಂದು ವರ್ಷ ಗುಳ್ಳಯ್ಯ ಅನ್ನೋನು ಸೊರ್ರ್ ಸೊರ್ರ್ ಅಂತ ಸಾರು ಹೀರಿದ. ಜನಕ್ಕೆಲ್ಲ ಅಸಹ್ಯ. ಗೌಡ ಕೇಳಿದ: "ಒಬ್ಬನ ಸುಖ ದೊಡ್ಡದೋ, ನೂರು ಜನರ ಸುಖ ದೊಡ್ಡದೋ? ಕೈ ಎತ್ರಪ್ಪಾ." ನೂರು ಕೈ ಮೇಲೆದ್ದವು. ಗುಳ್ಳಯ್ಯ ಎಲೆ ಮಡಚಿ ಮನೆಗೆ ಹೋದ. ಊಟ ಬಲು ರುಚಿಯಾಯಿತಂತೆ.

ಮರುವರ್ಷ ಕೆಮ್ಮೋ ಕರಿಯಣ್ಣನ ಸರದಿ. ಅದರ ಮರುವರ್ಷ ಅಳೋ ಕೂಸಿನ ತಾಯಿ.

ಚೆನ್ನಮಲ್ಲ ತಡೀಲಾರದೆ, "ಗೌಡ್ರೇ, ಇವತ್ತಿನ ಊಟ ಒಂದನ್ನೇ ನೋಡಬೇಡಿ. ಇದೇ ಪದ್ಧತಿಯಾದರೆ ನಾಳೆ ಯಾರ ಎಲೆ ಏಳುತ್ತೋ" ಅಂದ.

"ನೀನು ಹೋಗಿ ಸಾರು ಕಲಕಯ್ಯಾ" ಅಂದ ಗೌಡ.

ಅದರ ಮುಂದಿನ ವರ್ಷ ಪಂಕ್ತಿಯ ಕೊನೇಲಿ ಗೌಡನ ಹೆತ್ತವ್ವ ಬೋರಮ್ಮ ಕೂತಿದ್ದಳು. ಬಾಯಲ್ಲಿ ಒಂದು ಹಲ್ಲೂ ಇಲ್ಲ, ಉಣ್ಣೋಕೆ ಕೂತರೆ ಸಾರೆಲ್ಲ ಗದ್ದದ ಮೇಲೆ. ಬಡಿಸೋಕೆ ಮುಂಚೆಯೇ ಪಕ್ಕದವನು ಮೂಗು ಮುರಿದ: "ಗೌಡ್ರೇ, ಕೈ ಎತ್ತಿಸೋಣವಾ? ಇಲ್ಲ, ನಿಮ್ಮವ್ವನಿಗೆ ಬೇರೆ ನ್ಯಾಯವಾ?"

ಎಲ್ಲರೂ ಗೌಡನ ಮುಖ ನೋಡಿದರು. ಗೌಡ ಎಲೆ ನೋಡಿದ. ಎಲೆ ನೋಡುತ್ತಲೇ ಕೈ ಎತ್ತಿದ.

ಮುದುಕಿಗೆ ಮನೆವರೆಗೂ ನಡೆಯೋಕೆ ಕಾಲಲ್ಲಿ ತ್ರಾಣವಿಲ್ಲ. ಗೋಡೆಯಾಚೆ ಕೂರಿಸಿ, ಮುಂದೊಂದು ಎಲೆ ಹಾಕಿ ಬಂದರು; ಪಂಕ್ತಿಯ ಕೊನೇ ಎಲೆ ಈಗಲೂ ಅವಳದೇ. ಬಡಿಸೋರು ಗೋಡೆಯ ಈಚೆಯಿಂದಲೇ ಹಿಂದಕ್ಕೆ ತಿರುಗಿದರು.

"ಎಲ್ಲರಿಗೂ ಬಡಿಸಾಯ್ತಾ?"

ಗೋಡೆಯಾಚೆಯಿಂದ ದನಿ ಬಂತು: "ಆಯ್ತಪ್ಪಾ, ಉಣ್ಣಿ. ಮುದ್ದೆ ಆರೀತು."

ಎಲ್ಲರೂ ತುತ್ತು ಮುರಿದರು. ಚೆನ್ನಮಲ್ಲ ತುಪ್ಪದ ಗಿಂಡಿ ಹಿಡಿದು ಗೋಡೆಯಾಚೆ ಹೋದ. ನೋಡಿದರೆ ಎಲೆ ಮೇಲೆ ಒಂದು ಅಗುಳೂ ಇಲ್ಲ.

"ಅವ್ವಾ! ಬಡಿಸಾಯ್ತು ಅಂದೆಯಲ್ಲ?"

"ಮೆಲ್ಲಗೆ ಮಾತಾಡೋ. ನಾನೊಬ್ಬಳು ಇಲ್ಲ ಅಂದರೆ ನೂರು ಜನ ಕೈ ಕಟ್ಟಿ ಕೂರಬೇಕಲ್ಲ. ನನ್ನ ಮಗ ಬೆಳಗಿನಿಂದ ಏನೂ ತಿಂದಿಲ್ಲ ಕಣಪ್ಪಾ."

ಮುದುಕರ ಮೆಲ್ಲನೆ ಮಾತು ಊರಿಗೆಲ್ಲ ಕೇಳುತ್ತೆ ನೋಡಿ. ಊರೆಲ್ಲ ತಲೆ ತಗ್ಗಿಸಿತು. ಗೌಡ ತನ್ನ ಎಲೆ ಎತ್ತಿಕೊಂಡು ಹೋಗಿ ಅವ್ವನ ಮುಂದಿಟ್ಟ. ಕಣ್ಣೀರು ಎಲೆ ಮೇಲೆ ತೊಟ್ಟಿಕ್ಕಿತು.

"ಅಳಬೇಡ ಕಣೋ, ಸಾರಿಗೆ ಉಪ್ಪು ಜಾಸ್ತಿಯಾಗುತ್ತೆ" ಅಂದಳಂತೆ ಮುದುಕಿ.

ಅವತ್ತೇ ಗೌಡ ಗುಳ್ಳಯ್ಯನ ಬಾಗಿಲಿಗೆ ಹೋದ, ಕರಿಯಣ್ಣನ ಬಾಗಿಲಿಗೆ ಹೋದ, ಕೂಸಿನ ತಾಯಿಯ ಬಾಗಿಲಿಗೂ ಹೋದ. ಅಲ್ಲಿಂದ ಮುಂದೆ ಆ ಊರಲ್ಲಿ ಪಂಕ್ತಿಯ ಕೊನೆಯಿಂದಲೇ ಬಡಿಸೋದಂತೆ.

ಅವರ ಊಟ ಅಲ್ಲಿಗಾಯ್ತು, ನಮ್ಮ ಮಾತು ಇಲ್ಲಿಗಾಯ್ತು. ಎಲ್ಲಾ ನಿಜ. ಒಂದು ಚೂರು ಮಾತ್ರ ನಾನು ಸೇರಿಸಿದ್ದು: ಊರೆಲ್ಲ ತಲೆ ತಗ್ಗಿಸಿತು ಅಂದೆನಲ್ಲ, ಅದು. ಇಬ್ಬರು ಮೂವರು ಉಣ್ಣುತ್ತಲೇ ಇದ್ದರಂತೆ.