ದುಂಡಮ್ಮನ ಕಿಟಕಿ ಸೀಟು

ಒಂದಾನೊಂದು ಊರಿನಲ್ಲಿ ಮೊದಲು ಊರೇ ಇರಲಿಲ್ಲ. ಬಸ್ ಸ್ಟ್ಯಾಂಡ್ ಇತ್ತು. ಬಸ್ಸಿಗೆ ಕಾಯಲು ಬಂದವರು ಕಾದರು. ಕಾದು ಕಾದು ಅಲ್ಲೇ ಒಲೆ ಹೂಡಿದರು. ಒಲೆಗೆ ಗಾಳಿ ಬಡಿಯಿತು. ಗೋಡೆ ಕಟ್ಟಿದರು. ಹಂಗೆ ಊರಾಯಿತು. ಊರಿಗೆ ಹೆಸರಿಡಲಿಲ್ಲ. ಹೆಸರಿಡುವ ಹೊತ್ತಿಗೆ ಬಸ್ಸು ಬಂದುಬಿಟ್ಟರೆ? ಆ ಭಯ.

ಕೇಳ್ತಾ ಇದ್ದೀರಾ? ಕೇಳಿ.

ಆ ಊರಲ್ಲಿ ಬಿಳಿಗಯ್ಯ ಅಂತ ಒಬ್ಬ ಇದ್ದ. ಅವನ ಹೆಂಡತಿ ದುಂಡಮ್ಮ. ಬಿಳಿಗಯ್ಯನಿಗೆ ಮಾತು ಕಮ್ಮಿ. ದುಂಡಮ್ಮನಿಗೆ ಭಯ ಜಾಸ್ತಿ. ಹಂಗಾಗಿ ಮನೆ ಸರಿಯಾಗಿ ನಡೀತಿತ್ತು.

ದುಂಡಮ್ಮ ನೀರು ಅಂತ ನೋಡಿದ್ದು ಹಂಡೆಯಲ್ಲಿ ಮಾತ್ರ. ಒಂದು ದಿನ ಹಂಡೆಯೊಳಕ್ಕೆ ಬಗ್ಗಿ ನೋಡಿದಳು. ಎದ್ದು ನಿಂತು ಹೇಳಿದಳು:

"ಏನೂಂದ್ರೆ, ದೊಡ್ಡಕೆರೆ ನೋಡಬೇಕು. ದಡದಲ್ಲಿ ಎರಡು ದಿನ ಕೂತ್ಕಬೇಕು. ನೀರಲ್ಲಿ ಕಾಲು ಬಿಟ್ಕಂಡು. ಸುಮ್ನೆ."

"ಹೂಂ" ಅಂದ ಬಿಳಿಗಯ್ಯ.

"ಬಸ್ಸಲ್ಲೇ ಹೋಗಬೇಕು. ಕಿಟಕಿ ಪಕ್ಕ."

"ಹೂಂ."

"ಬಸ್ಸು ತಪ್ಪಿದ್ರೆ?"

ಅದಕ್ಕೆ ಬಿಳಿಗಯ್ಯನ ಹತ್ತಿರ ಹೂಂ ಇರಲಿಲ್ಲ.

ಬಸ್ಸು ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. ಅವರಿಗೆ ಗಾಡಿ ಇಲ್ಲ, ಎತ್ತಿಲ್ಲ. ಎತ್ತು ಇದ್ದವರೂ ಆ ಊರಲ್ಲಿ ಎತ್ತು ಹಿಡಿದುಕೊಂಡು ಬಸ್ಸಿಗೇ ಕಾಯುತ್ತಿದ್ದರು.

ಅವತ್ತಿಂದ ದಿನಾ ಸಂಜೆ ಇಬ್ಬರೂ ಯೋಜನೆ ಹಾಕಲು ಕೂತರು. ಸಾರಿಸಿದ ನೆಲದ ಮೇಲೆ ದುಂಡಮ್ಮ ಒಂದು ಬೆಲ್ಲದಚ್ಚು ಇಟ್ಟಳು. ಅದು ಮನೆ. ಆ ತುದಿಗೆ ಒಂದು ಚೊಂಬು ನೀರು. ಅದು ಕೆರೆ. ನಡುವೆ ಒಂದು ಈರುಳ್ಳಿ. ಅದು ಕೂಡುರಸ್ತೆ. ಒಂದು ಅಲಸಂದೆ ಕಾಳು ಮೊದಲನೇ ಬಸ್ಸು. ಇನ್ನೊಂದು ಅಲಸಂದೆ ಕಾಳು ಎರಡನೇ ಬಸ್ಸು. ಮೊದಲನೇ ಬಸ್ಸು ಈರುಳ್ಳಿ ತನಕ. ಈರುಳ್ಳಿ ಹತ್ತಿರ ಇಳಿದು ಎರಡನೇ ಬಸ್ಸು ಹತ್ತಬೇಕು.

ಮೊದಲನೇ ಬಸ್ಸನ್ನು ಬಿಳಿಗಯ್ಯ ತಳ್ಳೋನು. ಎರಡನೇದನ್ನು ದುಂಡಮ್ಮ. ಬಿಳಿಗಯ್ಯ ನಿಧಾನ. ಅವನ ಬಸ್ಸು ಈರುಳ್ಳಿ ಮುಟ್ಟುವಷ್ಟರಲ್ಲಿ ಅವಳ ಬಸ್ಸು ಹೊರಟುಬಿಡೋದು.

"ತಪ್ಪಿಹೋಯ್ತು!" ಅನ್ನೋಳು ದುಂಡಮ್ಮ. ಮುಖ ಬಿಳಿಚಿಕೊಳ್ಳೋದು.

"ನೀನೇ ಅಲ್ವಾ ಬಿಟ್ಟಿದ್ದು? ಸ್ವಲ್ಪ ತಡಕೋ."

"ಬಸ್ಸು ತಡಕತದಾ? ಬಸ್ಸು ನಿಮ್ಮ ಮಾವನ ಮನೇದಾ?"

ಬಸ್ಸು ತಪ್ಪಿದ ಮೇಲೆ ಕೂಡುರಸ್ತೆಯಲ್ಲೇ ಮಲಗಬೇಕಲ್ಲ. ಇಬ್ಬರೂ ಈರುಳ್ಳಿ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗೋರು. ಬೆಳಿಗ್ಗೆ ಮೈಕೈ ನೋವು. "ಪರಸ್ಥಳದಲ್ಲಿ ನಿದ್ದೆ ಬರಲ್ಲ ಕಣ್ರೀ" ಅನ್ನೋಳು ದುಂಡಮ್ಮ.

ಹಿಂಗೇ ಬೇಸಿಗೆ ಹೋಯಿತು. ಮಳೆಗಾಲ ಹೋಯಿತು. ಈರುಳ್ಳಿ ಮೊಳಕೆ ಬಂತು. ಒಂದು ಸಂಜೆ ಬಿಳಿಗಯ್ಯ ಜೋರಾಗಿ ತಳ್ಳಿದ. ದುಂಡಮ್ಮ ಉಸಿರು ಹಿಡಿದಳು. ಮೊದಲನೇ ಬಸ್ಸು ಈರುಳ್ಳಿ ಮುಟ್ಟಿತು. ಎರಡನೇ ಬಸ್ಸು ಇನ್ನೂ ನಿಂತಿತ್ತು. ಇನ್ನೇನು ಹತ್ತಬೇಕು, ಪಕ್ಕದ ಮನೆ ಕೋಳಿ ಬಂತು. ಎರಡನೇ ಬಸ್ಸನ್ನು ಕುಕ್ಕಿ ನುಂಗಿತು.

ಬೆಳಿಗ್ಗೆ ಸುದ್ದಿ ಬಂತು. ಕೂಡುರಸ್ತೆಯಿಂದ ಕೆರೆಗೆ ಹೋಗುವ ಬಸ್ಸು ಕಾಣೆಯಾಗಿದೆ. ಡ್ರೈವರ್ ರಸ್ತೆ ಮೇಲೆ ಕೂತಿದ್ದಾನೆ. ಕೈ ಸ್ಟೇರಿಂಗ್ ಹಿಡಿದ ಹಂಗೇ ಇದೆ. ಸ್ಟೇರಿಂಗ್ ಇಲ್ಲ.

ದುಂಡಮ್ಮ ಕೋಳಿ ಕಡೆ ನೋಡಿದಳು. ಕೋಳಿ ಬೇರೆ ಕಡೆ ನೋಡಿತು.

ಎರಡನೇ ಬಸ್ಸೇ ಇಲ್ಲ ಅಂದಮೇಲೆ ಮೊದಲನೇ ಬಸ್ಸೇ ಕೆರೆ ತನಕ ಹೋಗಬೇಕು. ಹಂಗಂತ ರಾಜನ ಅಪ್ಪಣೆ ಆಯಿತು.

"ಇನ್ನು ತಪ್ಪಲ್ಲ" ಅಂದ ಬಿಳಿಗಯ್ಯ.

"ಎರಡು ಬಸ್ಸಿನ ಜನ ಒಂದೇ ಬಸ್ಸಿಗೆ ನುಗ್ಗುತಾರೆ. ಸೀಟು ಸಿಗದಿದ್ರೆ?"

"ಟವೆಲ್ ಹಾಕ್ತೀನಿ."

"ಕಿಟಕಿ ಪಕ್ಕ?"

"ಕಿಟಕಿ ಪಕ್ಕ."

"ನಾನು ಬರೋ ತನಕ ಯಾರಿಗೂ ಬಿಡಬಾರದು."

"ಬಿಡಲ್ಲ."

ಸೋಮವಾರ ಹೊರಡೋದು ಅಂತಾಯಿತು. ದುಂಡಮ್ಮ ರೊಟ್ಟಿ ತಟ್ಟಿಟ್ಟಳು. ಹುಚ್ಚೆಳ್ಳು ಚಟ್ನಿಪುಡಿ ಕುಟ್ಟಿದಳು. ಭಾನುವಾರ ಸಂಜೆ, ಯಾಕೋ ಎದೆ ಒತ್ತಿದ ಹಂಗಾಗ್ತದೆ ಅಂದಳು. ಅಷ್ಟೇ.

ಸೋಮವಾರ ಬಸ್ಸು ಬಂತು. ದುಂಡಮ್ಮ ಇರಲಿಲ್ಲ.

ಎಷ್ಟೋ ದಿನ ಆಯಿತು. ಒಂದು ಬೆಳಿಗ್ಗೆ ಬಿಳಿಗಯ್ಯ ತಾನೇ ರೊಟ್ಟಿ ತಟ್ಟಿದ. ದಪ್ಪ ಆದವು. ಕಟ್ಟಿಕೊಂಡ. ಟವೆಲ್ ಹೆಗಲಿಗೆ ಹಾಕಿದ. ಮಾತು ಕೊಟ್ಟಾಗಿತ್ತಲ್ಲ. ಸೀಟು ಹಿಡಿಯಬೇಕು. ಕೆರೆ ಬರುವ ತನಕ ಆ ಸೀಟಲ್ಲಿ ಯಾರೂ ಕೂರಬಾರದು. ಕೂತರೆ ದುಂಡಮ್ಮನಿಗೆ ಜಾಗ ಇಲ್ಲ. ಜಾಗ ಇಲ್ಲದಿದ್ದರೆ ಅವಳು ಬಸ್ ಸ್ಟ್ಯಾಂಡಲ್ಲೇ ಉಳೀತಾಳೆ. ಬಿಳಿಗಯ್ಯನ ಲೆಕ್ಕ ಇಷ್ಟೇ. ಬೇರೆ ಲೆಕ್ಕ ಅವನು ಕಲಿತಿರಲಿಲ್ಲ.

ಇನ್ನು ಆ ರಾಜ್ಯದ ಕಾನೂನು ಹೇಳಬೇಕು. ಇದ್ದದ್ದು ಒಂದೇ. ಟವೆಲ್ ಬಿದ್ದ ಜಾಗ ಟವೆಲ್ ಹಾಕಿದವರದು. ಯಾಕೆ ಅಂದರೆ ಆ ರಾಜ್ಯ ಹುಟ್ಟಿದ್ದೇ ಹಂಗೆ. ರಾಜನ ತಾತ ಒಂದು ಖಾಲಿ ಗುಡ್ಡ ಕಂಡ. ಟವೆಲ್ ಹಾಕಿದ. "ಜನ ಅವ್ರೆ" ಅಂದ. ಯಾರೂ ಎದುರಾಡಲಿಲ್ಲ. ರಾಜನಾದ.

ಬಸ್ಸು ಬಂತು. ನಿಲ್ಲುವ ಮುಂಚೆಯೇ ಬಿಳಿಗಯ್ಯ ಕಿಟಕಿಯೊಳಗೆ ಟವೆಲ್ ಎಸೆದ. ಬಾಗಿಲ ಹತ್ತಿರ ನೂಕಾಟ. ಒಳಗಿಂದ ಟವೆಲ್ ಕೂಗಿತು.

"ಬಿಳಿಗಯ್ಯಾ, ಹತ್ತಿದ್ಯಾ?"

"ಹತ್ತುತಾ ಇವ್ನಿ."

"ಹತ್ತದೆ ಹೋದ್ರೆ? ಹೋದ ವರ್ಷ ಹಿಂಗೇ ಎಸೆದೆ. ನೀನು ಹತ್ತಲಿಲ್ಲ. ನಾನೊಬ್ಬನೇ ಡಿಪೋಗೆ ಹೋದೆ. ನನ್ನಲ್ಲಿ ಗಾಜು ಒರೆಸಿದರು!"

"ಹತ್ತಿದೆ. ಸುಮ್ನಿರು."

ಟವೆಲ್ ಕಿಟಕಿ ಪಕ್ಕ ಕೂತಿತು. ಅದರ ಪಕ್ಕ ಬಿಳಿಗಯ್ಯ ಕೂತ.

"ಅಣ್ಣಾ, ಸ್ವಲ್ಪ ಸರ್ಕೊಳಿ" ಅಂದರು ಯಾರೋ.

"ಜನ ಅವ್ರೆ."

"ಎಲ್ಲಪ್ಪಾ ಜನ?" ಅಂದ ಕಂಡಕ್ಟರ್.

"ಬರ್ತಾರೆ. ಎರಡು ಟಿಕೆಟ್ ಕೊಡಿ. ದೊಡ್ಡಕೆರೆ."

ಕಂಡಕ್ಟರ್ ಎರಡು ಹರಿದ. ಬಿಳಿಗಯ್ಯ ಒಂದನ್ನು ಟವೆಲ್ ಮೇಲಿಟ್ಟ. ಗಾಳಿಗೆ ಹಾರಿತು. ಹಿಡಿದ. ಮತ್ತೆ ಇಟ್ಟ. ಮತ್ತೆ ಹಾರಿತು. ಕೊನೆಗೆ ಅದರ ಮೇಲೆ ಕೈ ಇಟ್ಟುಕೊಂಡೇ ಕೂತ. ಕೈ ಬೆವರಿತು.

ಮುಂದಿನ ಸ್ಟಾಪಲ್ಲಿ ರಾಜ ಹತ್ತಿದ.

ರಾಜನಿಗೆ ಕಿಟಕಿ ಹುಚ್ಚು. ಅರಮನೆಯಲ್ಲೂ ಕಿಟಕಿ ಇತ್ತು. ಆದರೆ ಹೊರಗಿನ ಮರ ಹಿಂದಕ್ಕೆ ಓಡುತ್ತಿರಲಿಲ್ಲ. ಮರ ಹೊತ್ತುಕೊಂಡು ಓಡಿ ಅಂತ ಆಳುಗಳಿಗೆ ಹೇಳಿದ. ಓಡಿದರು. ಸುಸ್ತಾಯಿತು. ಮರ ಇಳಿಸಿ ಅದರ ನೆರಳಲ್ಲೇ ಬೀಡಿ ಹಚ್ಚಿದರು. ರಾಜನಿಗೆ ಸಮಾಧಾನ ಆಗಲಿಲ್ಲ. ಬಸ್ಸಿಗೆ ಬಂದ.

"ಏಳಯ್ಯ" ಅಂದ ಟವೆಲ್ಲಿಗೆ.

"ಬುದ್ಧೀ, ಜನ ಅವ್ರೆ" ಅಂತು ಟವೆಲ್.

"ನಾನು ರಾಜ."

"ತಾತನವರ ಕಾನೂನು, ಬುದ್ಧಿ" ಅಂದ ಬಿಳಿಗಯ್ಯ.

ರಾಜ ಯೋಚಿಸಿದ. ಈ ಟವೆಲ್ ಎತ್ತಿದರೆ ಕಾನೂನು ಹೋಯಿತು. ಕಾನೂನು ಹೋದರೆ ತಾತನ ಟವೆಲ್ ಹೋಯಿತು. ತಾತನ ಟವೆಲ್ ಹೋದರೆ ರಾಜ್ಯ ಬರೀ ಗುಡ್ಡ. ಅವನಿಗೂ ಬೆವರು ಬಂತು.

"ಸಿಂಹಾಸನ ಕೊಡ್ತೀನಿ ಕಣಯ್ಯ. ಈ ಸೀಟು ಕೊಡು."

"ಸಿಂಹಾಸನ ದೊಡ್ಡಕೆರೆಗೆ ಹೋಗ್ತದಾ ಬುದ್ಧಿ?"

"ಇಲ್ಲ. ಅದು ಎಲ್ಲಿಗೂ ಹೋಗಲ್ಲ."

"ಮತ್ತೆ ಅದನ್ನ ತಗಂಡು ಏನ್ಮಾಡ್ಲಿ?"

ರಾಜನಿಗೂ ಅದು ಸರಿ ಅನ್ನಿಸಿತು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಕಂಬಿ ಹಿಡಿದು ನಿಂತ.

"ಯಾರು ಬರೋದು?"

"ನನ್ನ ಹೆಂಡ್ತಿ."

"ಎಲ್ಲಿ ಹತ್ತುತಾಳೆ?"

"ತೀರ್ಕಂಡವ್ಳೆ ಬುದ್ಧಿ."

ಬಸ್ಸಿನ ಇಂಜಿನ್ ದನಿ ಸಣ್ಣದು ಮಾಡಿಕೊಂಡಿತು.

ಮುಂದಿನ ಸೀಟಲ್ಲಿ ಹೂ ಮಾರುವ ಸಾಕಮ್ಮ ಕೂತಿದ್ದಳು. ತಿರುಗಿದಳು.

"ಹಂಗೂ ಬರಬಹುದಾ?"

"ಬರಬಾರದು ಅಂತ ಕಾನೂನಲ್ಲಿ ಇಲ್ಲ" ಅಂದ ರಾಜ.

ಸಾಕಮ್ಮ ಎದ್ದಳು. ಹೂಬುಟ್ಟಿಯ ಒದ್ದೆ ಬಟ್ಟೆ ತೆಗೆದು ಸೀಟಿಗೆ ಹಾಕಿದಳು. "ನಮ್ಮವ್ವ ಬರ್ತಾಳೆ" ಅಂದಳು. ನಿಂತುಕೊಂಡಳು.

ಅಷ್ಟೇ ನೋಡಿ. ಹಿಂದಿನ ಸೀಟಿನ ಮುದುಕ ಎದ್ದ. ತಮ್ಮನಿಗೆ ಟವೆಲ್ ಹಾಕಿದ. ಅವನ ಪಕ್ಕದವನು ತನ್ನ ಎತ್ತಿಗೆ ಹಾಕಿದ. ಎತ್ತಿಗೆ ಒಂದು ಸೀಟು ಸಾಲಲ್ಲ, ಎರಡು ಬೇಕು ಅಂತ ಜಗಳಕ್ಕೆ ನಿಂತ. "ಎತ್ತಿಗೆ ಅರ್ಧ ಟಿಕೆಟ್ಟಾ, ಫುಲ್ಲಾ?" ಅಂತ ಕಂಡಕ್ಟರ್ ತಲೆ ಕೆರೆದುಕೊಂಡ. ಒಬ್ಬಳು ಚಿಕ್ಕ ಪ್ರಾಯದ ಹೆಂಗಸು ಸದ್ದಿಲ್ಲದೆ ಎದ್ದಳು. ಒಂದು ಪುಟ್ಟ ಕುಲಾವಿ ತೆಗೆದು ಸೀಟಿನ ಮೇಲಿಟ್ಟಳು. ಯಾರಿಗೆ ಅಂತ ಯಾರೂ ಕೇಳಲಿಲ್ಲ.

ಎಲ್ಲಾ ಸೀಟಿಗೂ ಬಟ್ಟೆ ಬಿತ್ತು. ಎಲ್ಲಾ ಜನ ನಿಂತರು. ಬಿಳಿಗಯ್ಯನಿಗೆ ತಾನೊಬ್ಬನೇ ಕೂತಿರುವುದು ಸರಿ ಅನ್ನಿಸಲಿಲ್ಲ. ಅವನೂ ಎದ್ದ. ರಾಜನಿಗೆ ಮೊದಲೇ ಸೀಟಿರಲಿಲ್ಲ. ಹಂಗಾಗಿ ಅವನ ಕಡೆಯವರು ಯಾರೂ ಬರುವ ಹಂಗಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡ.

ಬಸ್ಸು ಏರು ಹತ್ತುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ಎಲ್ಲಾ ನೋಡಿದ. ಬಸ್ಸು ನಿಲ್ಲಿಸಿದ. ತನ್ನ ಸೀಟಿಗೆ ಟವೆಲ್ ಹಾಕಿದ. ಬಂದು ಜನರ ಜೊತೆ ನಿಂತ.

"ನಮ್ಮಪ್ಪನೂ ಡ್ರೈವರ್ರು. ಬರ್ತಾರೆ. ಅವರು ಓಡಿಸೋದು ನೀವು ನೋಡಬೇಕು."

ಎಲ್ಲರೂ ಕಾದರು. ಕಾಯುವುದು ಅವರಿಗೆ ಹೊಸದಲ್ಲ.

ಆಗ ರಾಜ ಕಿರುಚಿದ. "ಮರ! ಮರ ಮುಂದಕ್ಕೆ ಹೋಗ್ತಾ ಇದೆ!"

ಬಸ್ಸು ಹಿಂದಕ್ಕೆ ಜಾರುತ್ತಿತ್ತು. ಮೊದಲು ಮೆಲ್ಲಗೆ. ಹಿಂದೆ ತಿರುವು. ತಿರುವಿನಾಚೆ ಹಳ್ಳ.

"ಬ್ರೇಕ್ ಹಾಕಯ್ಯ!"

"ನನ್ನ ಸೀಟಲ್ಲಿ ಜನ ಅವ್ರೆ" ಅಂದ ಡ್ರೈವರ್. ಅಳುತ್ತಿದ್ದ. "ಎತ್ತಿನವರು ತೆಗೀಲಿ, ನಾನೂ ತೆಗೀತೀನಿ."

"ನನ್ನೆತ್ತು ಏನು ಕಮ್ಮೀನಾ? ಈ ಯಜಮಾನ್ರು ತೆಗೀಲಿ" ಅಂದ ಎತ್ತಿನವನು.

"ಸಾಕಮ್ಮ ತೆಗೀಲಿ" ಅಂದ ಮುದುಕ.

"ಆವಣ್ಣ ತೆಗೀಲಿ. ಮೊದಲು ಹಾಕಿದ್ದು ಅವರು" ಅಂದಳು ಸಾಕಮ್ಮ.

ಎಲ್ಲರೂ ಬಿಳಿಗಯ್ಯನ ಕಡೆ ನೋಡಿದರು. ಬಸ್ಸು ಜಾರುತ್ತಿತ್ತು.

"ತೆಗೀಬೇಡ" ಅಂತು ಟವೆಲ್. "ತೆಗೆದ ಮೇಲೆ ಅವಳು ಬಂದ್ರೆ? ಬಂದು ನಿಂತ್ಕಂಡ್ರೆ? ಏನು ಹೇಳ್ತೀಯ?"

ಬಿಳಿಗಯ್ಯ ಸೀಟು ನೋಡಿದ. ಎತ್ತದಿದ್ದರೆ ಯಾರೂ ಕೆರೆ ಸೇರಲ್ಲ. ಎತ್ತಿದರೆ ದುಂಡಮ್ಮ ಸೇರಲ್ಲ. ಪಕ್ಕದಲ್ಲಿ ಕುಲಾವಿ ಇಟ್ಟ ಹೆಂಗಸು ನಿಂತಿದ್ದಳು. ಎರಡು ಕೈಯಲ್ಲೂ ಕಂಬಿ ಹಿಡಿದಿದ್ದಳು. ಕಾಲು ನಡುಗುತ್ತಿತ್ತು. ಹೆತ್ತು ಹೆಚ್ಚು ದಿನ ಆಗಿರಲಿಲ್ಲ ಅಂತ ಕಾಣುತ್ತೆ.

ಬಿಳಿಗಯ್ಯ ನಿಧಾನದವನು. ಆಗಲೂ ನಿಧಾನವಾಗಿಯೇ ಟವೆಲ್ ಎತ್ತಿದ. ಕೊಡವಿದ. ಹೆಗಲಿಗೆ ಹಾಕಿಕೊಂಡ.

"ಕೂತ್ಕಳವ್ವಾ."

"ನಿಮ್ಮನೆಯವರು?" ಅಂದಳು ಅವಳು.

"ಅವಳಿಗೆ ಈಗ ಅಷ್ಟು ಜಾಗ ಬೇಡ. ಕೂತ್ಕೋ."

ಅವಳು ಅಂಚಿಗೆ ಕೂತಳು. ಆಮೇಲೆ ಪೂರ್ತಿ ಕೂತಳು. ಕುಲಾವಿಯನ್ನು ಮಡಿಲಿಗೆ ತಗೊಂಡಳು. ಸಾಕಮ್ಮ ಒದ್ದೆ ಬಟ್ಟೆ ತೆಗೆದಳು. ಮುದುಕ ತೆಗೆದ. ಎತ್ತಿನವನು ಎರಡೂ ತೆಗೆದ. ಡ್ರೈವರ್ ಓಡಿಹೋಗಿ ಟವೆಲ್ ಕಿತ್ತೆಸೆದು ಬ್ರೇಕ್ ತುಳಿದ. ಹಿಂದಿನ ಚಕ್ರ ಹಳ್ಳದ ತುದಿಯಲ್ಲಿ ನಿಂತಿತು. ಒಂದು ಕಲ್ಲು ಉರುಳಿ ಕೆಳಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಆಮೇಲೆ ಬಸ್ಸು ಏರು ಹತ್ತಿತು. ಕುಲಾವಿಯ ಹೆಂಗಸು ಬಿಟ್ಟ ಸೀಟು ರಾಜನಿಗೆ ಸಿಕ್ಕಿತು. ಕಿಟಕಿ ಪಕ್ಕ ಅಲ್ಲ.

ದೊಡ್ಡಕೆರೆ ಬಂತು. ಎಲ್ಲರೂ ಇಳಿದರು. ಬಿಳಿಗಯ್ಯ ಮಾತ್ರ ಬಾಗಿಲ ಹತ್ತಿರ ನಿಂತ. ಇಳಿಯುವ ಒಬ್ಬೊಬ್ಬರನ್ನೂ ನೋಡಿದ. ಕೊನೆಗೆ ಕಂಡಕ್ಟರ್ ಇಳಿದ.

"ಒಳಗೆ ಯಾರೂ ಇಲ್ಲ ಅಣ್ಣಾ."

"ಚೆನ್ನಾಗಿ ನೋಡಿದ್ರಾ?"

"ಸೀಟಿನ ಕೆಳಗೂ ನೋಡಿದೆ."

ಬಿಳಿಗಯ್ಯ ದಡಕ್ಕೆ ನಡೆದ. ಕೆರೆ ಅಂದರೆ ಕೆರೆ. ಆ ದಡ ಕಾಣುತ್ತಿರಲಿಲ್ಲ. ಈ ದಡ ಮುಗಿಯುತ್ತಿರಲಿಲ್ಲ.

"ನನ್ನ ಎಲ್ಲಿ ಹಾಕ್ತೀಯ?" ಅಂತು ಟವೆಲ್. "ಬೇಗ ಹಾಕು. ಯಾರಾದ್ರೂ ಬಂದುಬಿಟ್ರೆ?"

ಬಿಳಿಗಯ್ಯ ಹಾಕಲಿಲ್ಲ. ಕೂತ. ನೀರಲ್ಲಿ ಕಾಲು ಬಿಟ್ಟ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ದಡ ಖಾಲಿ ಇತ್ತು. ಹಿಂದಕ್ಕೆ ತಿರುಗಿ ತಿರುಗಿ ನೋಡಿದ. ಈಗ ಯಾರಾದರೂ ಬರ್ತಾರೆ. ಬಂದು ಅಲ್ಲೇ ಕೂರ್ತಾರೆ.

ಸಾಕಮ್ಮ ಬಂದಳು. ಮುಂದೆ ಹೋಗಿ ಕೂತಳು. ಡ್ರೈವರ್ ಬಂದ. ಇನ್ನೂ ಮುಂದೆ ಹೋದ. ರಾಜ ಪಂಚೆ ಎತ್ತಿ ಕಟ್ಟಿಕೊಂಡು ಬಂದ. ಆ ಜಾಗ ನೋಡಿದ. ಸುತ್ತ ನೋಡಿದ. ಬೇಕಾದಷ್ಟು ದಡ ಇತ್ತು. ದೂರ ಹೋಗಿ ಕೂತ.

ಯಾರೂ ಅಲ್ಲಿ ಕೂರಲಿಲ್ಲ. ಯಾರಿಗೂ ಅದು ಬೇಕಾಗಲಿಲ್ಲ.

ಎರಡು ದಿನ ಬಿಳಿಗಯ್ಯ ಹಂಗೇ ಕೂತಿದ್ದ. ರೊಟ್ಟಿ ಮುರಿದು ಅರ್ಧ ತಿಂದ. ಅರ್ಧ ಪಕ್ಕಕ್ಕಿಟ್ಟ. ಮೀನು ಬಂದವು. ಅವನು ಸುಮ್ಮನೆ ನೋಡಿದ.

ಕತೆ ಇಲ್ಲಿಗೆ ಬಂದು ಇಳಿಯಿತು. ಇಷ್ಟು ಹೊತ್ತು ನಿಂತು ಕೇಳಿದವರು ಕೂತುಕೊಳ್ಳಿ. ಕೂತಿದ್ದವರು ಒಂದಿಷ್ಟು ಸರಿದು ಕೊಡಿ.